ಅರ್ಧ ಗಂಟೆಯ ನೀರು

ಹುಲ್ಲುಹಾಸು ಎಂದರೆ ನನಗೆ ಮೊದಲಿನಿಂದಲೂ ಆಗದು. ಕುರಿಗೆ ಮೇವಲ್ಲ, ಅಡುಗೆಗೆ ಬಾರದು, ನೆರಳು ಕೊಡದು. ಅದಕ್ಕೆ ಮನೆಮಂದಿ ಬಳಸುವುದಕ್ಕಿಂತ ಹೆಚ್ಚು ನೀರು ಸುರಿಯುವುದನ್ನು ಕಂಡರೆ ಪೆನ್ನಾಗರಂ ಕಡೆಯ ಒಣನೆಲದಲ್ಲಿ ಹುಟ್ಟಿದವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಹನಿ ನೀರಿನ ಪೈಪು ಜೋಡಿಸಿ ಹೊಟ್ಟೆ ಹೊರೆಯುವವನು ಬೆಳೆಯನ್ನು ಆರಿಸುವ ಹಾಗಿಲ್ಲ. ಹೋದ ಬೇಸಿಗೆಯಲ್ಲಿ ಸೇಲಂನಿಂದ ಫೋನು ಬಂದಾಗ ಈಗ ನಾನಿರುವ ಓಮಲೂರಿನಲ್ಲಿ ಬಸ್ಸು ಹತ್ತಿ, ಸೇಲಂನಲ್ಲಿ ಇಳಿದು, ಏರ್ಕಾಡ್ ರಸ್ತೆಯ ಬಸ್ಸು ಹಿಡಿದು ಹೋದೆ. ಬೆಟ್ಟ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಮನೆ. ಹೆಗಲಿಗೆ ಸಾಮಾನಿನ ಚೀಲ, ಎರಡೂ ಮಂಡಿಯಲ್ಲಿ ನೋವು.

ಮನೆಯೊಡತಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ತಮಿಳಿನವರು. ನಾನು ಮೇಡಂ ಎನ್ನುತ್ತಿದ್ದೆ. ಅವರು ಸುತ್ತುಬಳಸದೆ ವಿಷಯ ಹೇಳಿದರು. ಬೋರ್‌ವೆಲ್ಲು ಸೋತಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೋಟಾರು ಹಾಕಿದರೆ ಎರಡೂ ಸೇರಿ ಎರಡು ಸಾವಿರ ಲೀಟರಿನ ತೊಟ್ಟಿ ತುಂಬಿದರೆ ಪುಣ್ಯ. ಅದರಲ್ಲಿ ಸಾವಿರ ಮನೆಗೆ ಬೇಕು. ಉಳಿದ ಸಾವಿರದಲ್ಲಿ ತೋಟ ಬದುಕಿದರೆ ಬದುಕಲಿ, ಇಲ್ಲವಾದರೆ ಎರಡು ತೆಂಗಿನ ಮರ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಟೈಲ್ಸ್ ಹಾಕಿಸಿಬಿಡುತ್ತೇನೆ ಎಂದರು. ಬರಿಯ ಬಾಯಿಮಾತಲ್ಲ, ಟೈಲ್ಸಿನವನು ಆಗಲೇ ಬಂದು ಟೇಪು ಹಿಡಿದು ಅಳೆದು ಹೋಗಿದ್ದ. ನನಗೆ ಒಂದೂವರೆ ತಿಂಗಳ ಗಡುವು.

ಇಂಥ ಕೆಲಸದಲ್ಲಿ ಮೊದಲು ಪೈಪು ಮುಟ್ಟಬಾರದು. ಈಗ ಎಷ್ಟು ನೀರು ಹೋಗುತ್ತಿದೆ, ಎಲ್ಲಿಗೆ ಹೋಗುತ್ತಿದೆ ಎಂದು ನೋಡಬೇಕು. ಇಪ್ಪತ್ತು ಲೀಟರಿನ ಬಕೆಟ್ಟನ್ನು ತೋಟದ ನಲ್ಲಿಯ ಕೆಳಗಿಟ್ಟು ತುಂಬುವ ತನಕ ಗಟ್ಟಿಯಾಗಿ ಸೆಕೆಂಡು ಎಣಿಸುತ್ತ ನಿಂತೆ. ಹಗಲೆಲ್ಲ ತಮಿಳು ಮಾತಾಡಿದರೂ ಮನೆಮಾತು ಕನ್ನಡ, ಎಣಿಕೆ ಮಾತ್ರ ನನ್ನ ಬಾಯಲ್ಲಿ ಅದರಲ್ಲೇ ಬರುವುದು. ಐವತ್ತು ಎನ್ನುವಾಗ ಬಕೆಟ್ಟು ತುಂಬಿತು, ಹಿಂದಿನಿಂದ ಮಾತು ಕೇಳಿತು.

“ನಮ್ ಕಡೆಯೋನಾ ನೀನು? ಯಾವೂರು ತಮ್ಮ?”

ಅಂಗಳ ಗುಡಿಸಿ ಗಿಡಗಳಿಗೆ ನೀರು ಹಿಡಿಯುವ ಹೆಂಗಸು. ನನಗಿಂತ ಏಳೆಂಟು ವರ್ಷ ದೊಡ್ಡವಳು, ಆ ಮನೆಗೆ ಬಂದು ಹನ್ನೊಂದು ವರ್ಷ. ಊರು ಹೇಳಿದೆ. ಅವಳ ತವರು ಅಲ್ಲಿಂದ ನಾಲ್ಕು ಮೈಲಿ. ಅಷ್ಟು ಸಾಕಾಯಿತು, ಅವಳು ಅಕ್ಕ ಆದಳು, ನಾನು ತಮ್ಮ ಆದೆ. ಸೇಲಂಗೆ ಬಂದ ಮೇಲೆ ಕಟ್ಟಡದ ಕೆಲಸದಲ್ಲಿ ಸಿತ್ತಾಳಾಗಿ, ಎಂದರೆ ಕೂಲಿಯಾಳಾಗಿ, ಕಾಂಕ್ರೀಟು ಹೊತ್ತು ಸೊಂಟ ಬಿದ್ದುಹೋಯಿತಂತೆ. ಈಗ ಅವಳನ್ನು ಬೇರೆ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಹೀಗೆ ತನ್ನ ಸಂಗತಿಯನ್ನೆಲ್ಲ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದಳು. ನಾನೂ ಬುದ್ಧಿವಂತನ ಹಾಗೆ, ಟೈಲ್ಸು ಬಿದ್ದರೆ ಈ ಕೆಲಸವೂ ಇರುವುದಿಲ್ಲ, ನನ್ನ ಜೊತೆ ಸಹಕರಿಸು ಎಂದೆ. ಅವಳು ತಲೆಯಾಡಿಸಿದಳು.

ಅವಳು ನೀರು ಹಿಡಿಯುವುದನ್ನು ಎರಡು ದಿನ ನೋಡಿದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಹೋಸ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರನ್ನು ಬೀಸಣಿಗೆಯಂತೆ ಅಗಲ ಮಾಡಿ, ಪ್ರತಿ ಗಿಡದ ಎಲೆ ತೊಳೆಯುತ್ತಿದ್ದಳು. ನೋಡಲು ಬಲು ಚೆನ್ನ. ನಿಮಿಷಕ್ಕೆ ಇಪ್ಪತ್ತನಾಲ್ಕು ಲೀಟರಿನ ಲೆಕ್ಕದಲ್ಲಿ ದಿನಕ್ಕೆ ಮೂರು ಸಾವಿರ ಲೀಟರಿನ ಹತ್ತಿರ. ಬೋರ್‌ವೆಲ್ಲು ಕೊಡದಿದ್ದಾಗ ಟ್ಯಾಂಕರು ಬರುತ್ತಿತ್ತು. ಮೂರನೆಯ ದಿನ ಹುಲ್ಲಿನ ಮೇಲೆ ಹನ್ನೆರಡು ಖಾಲಿ ಮೊಸರಿನ ಕಪ್ಪುಗಳನ್ನು ಅಲ್ಲಲ್ಲಿ ಇಟ್ಟು ನೀರು ಹಿಡಿಯಲು ಹೇಳಿದೆ. ಮುಗಿದ ಮೇಲೆ ಸ್ಕೇಲು ಇಳಿಸಿ ನೋಡಿದರೆ ಅವಳು ನಿಲ್ಲುವ ಜಾಗದ ಹತ್ತಿರದ ಕಪ್ಪಿನಲ್ಲಿ ಎರಡು ಬೆರಳು ನೀರು, ಗೋಡೆ ಮೂಲೆಯ ಕಪ್ಪಿನ ತಳ ಮಾತ್ರ ಒದ್ದೆ. ನೆಲ ಎಷ್ಟು ಆಳ ನೆನೆದಿದೆ ಎಂದು ಕಬ್ಬಿಣದ ಸರಳು ಚುಚ್ಚಿದೆ. ಒಂದು ಕಡೆ ಗೇಣುದ್ದ ಇಳಿಯಿತು, ಇನ್ನೊಂದು ಕಡೆ ಎರಡು ಬೆರಳಿಗೇ ನಿಂತಿತು. ನೆಲ ಗೇಟಿನ ಕಡೆಗೆ ಇಳಿಜಾರು, ಮಣ್ಣು ಕೆಂಪು ಜೇಡಿ. ಹತ್ತು ನಿಮಿಷ ಆಗುತ್ತಿದ್ದಂತೆ ಕುಡಿಯಲಾರದ ನೀರನ್ನೆಲ್ಲ ನೆಲ ರಸ್ತೆಗೆ ಬಿಡುತ್ತಿತ್ತು.

ಕೆಲಸ ಶುರು ಮಾಡಿದೆ. ಮರಗಳ ಕೆಳಗೆ ಬಡಕಲಾಗಿ ನಿಂತಿದ್ದ ಹುಲ್ಲನ್ನು ಕಿತ್ತು ಹುಲ್ಲುಹಾಸನ್ನು ಅರ್ಧಕ್ಕೆ ಇಳಿಸಿದೆ. ಉಳಿದದ್ದನ್ನು ಮೂರು ಬೆರಳು ಎತ್ತರಕ್ಕಿಂತ ಕೆಳಗೆ ಕತ್ತರಿಸಬಾರದು, ಎತ್ತರ ಬಿಟ್ಟರೆ ಹುಲ್ಲೇ ತನ್ನ ಬೇರಿಗೆ ನೆರಳಾಗುತ್ತದೆ ಎಂದೆ. ಮೇಡಂಗೆ ಜಮಖಾನದಂತಿದ್ದರೇ ಇಷ್ಟ. ಅದಕ್ಕೇ ಅರ್ಧ ದಿನ ವಾದ. ಆಮೇಲೆ ತೊಟ್ಟಿಯಿಂದ ಹೊಸ ಲೈನು, ಒಂದು ಫಿಲ್ಟರು, ಒಂದು ನೀರಿನ ಮೀಟರು, ನಾಲ್ಕು ವಾಲ್ವು. ಒಂದನೆಯದು ಹುಲ್ಲಿನ ಸ್ಪ್ರಿಂಕ್ಲರಿಗೆ, ಎರಡನೆಯದು ಮಲ್ಲಿಗೆ, ದಾಸವಾಳಗಳಿಗೆ, ಮೂರನೆಯದು ನಿಂಬೆ, ಕರಿಬೇವು, ಸಪೋಟಕ್ಕೆ, ನಾಲ್ಕನೆಯದು ತೆಂಗಿಗೆ. ಹಳೆಯ ಹೋಸನ್ನು ಇನ್ನು ಹಿಡಿಯಬೇಡ ಎಂದು ಅಕ್ಕನಿಗೆ ಹೇಳಿದೆ. ಹುಲ್ಲಿಗೆ ಒಮ್ಮೆಲೇ ಸುರಿಯದೆ ಐದು ನಿಮಿಷ ಕೊಟ್ಟು, ನಿಲ್ಲಿಸಿ, ಮಣ್ಣು ಹೀರಿಕೊಂಡ ಮೇಲೆ ಮತ್ತೆ ಐದು ನಿಮಿಷ. ಇದನ್ನೆಲ್ಲ ತಾನಾಗಿಯೇ ತೆರೆದು ಮುಚ್ಚುವ ಟೈಮರಿನ ಪೆಟ್ಟಿಗೆ ಕಡೆಯಲ್ಲಿ ಕೂರಿಸುತ್ತೇನೆ, ಯಾರೂ ಕೈ ಹಾಕಬೇಕಾಗಿಲ್ಲ ಎಂದು ಜಗಲಿಯಲ್ಲಿ ನಿಂತು ಮೇಡಂಗೆ ವಿವರಿಸಿದೆ. ಅಕ್ಕ ಪಕ್ಕದಲ್ಲೇ ಮೆಟ್ಟಿಲು ಒರೆಸುತ್ತಿದ್ದಳು.

ನೀರು ಕೊಟ್ಟರಷ್ಟೇ ಸಾಲದು, ಕೊಟ್ಟದ್ದು ಆವಿಯಾಗದಂತೆ ನೆಲ ಮುಚ್ಚಬೇಕು. ಓಮಲೂರಿನ ಎಣ್ಣೆ ಗಿರಣಿಯಿಂದ ಕಡಲೆಕಾಯಿ ಸಿಪ್ಪೆಯ ಎಂಟು ಮೂಟೆ ತರಿಸಿದೆ. ಒಣಗಿದ ಸಪೋಟ ಎಲೆ ಸೇರಿಸಿ, ಮರಗಳ ಬುಡದಿಂದ ಒಂದು ಅಡಿ ಬಿಟ್ಟು, ಕೊಂಬೆಗಳ ನೆರಳು ಬೀಳುವಷ್ಟು ಅಗಲಕ್ಕೆ, ನಾಲ್ಕು ಬೆರಳು ದಪ್ಪ ಹರಡಿದೆ. ಮಂಡಿ ಊರಿ ದಿನವಿಡೀ ಮಾಡಿದ ಕೆಲಸ. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ನೆಲ ಸಗಣಿ ಸಾರಿಸಿದಂತೆ ನುಣ್ಣಗಿದೆ, ಸಿಪ್ಪೆಯೆಲ್ಲ ಮೂಲೆಯಲ್ಲಿ ಗುಡ್ಡೆಯಾಗಿ ಹೊಗೆಯಾಡುತ್ತಿದೆ. ಇದೇನಕ್ಕ ಎಂದೆ.

“ಇವತ್ ಶುಕ್ರವಾರ,” ಎಂದಳು ಅಕ್ಕ, ಪೊರಕೆ ಕೆಳಗಿಡದೆ. “ಕಸ ಅಂಗೇ ಬಿಟ್ರೆ ನೋಡ್ದೋರು ಈ ಮನ್ಯಾಗೆ ಸಾವಾಗೈತೆ ಅಂತಾರೆ.”

ಅದು ಸುಳ್ಳಲ್ಲ. ನಮ್ಮ ಕಡೆ ಬಾಗಿಲು ತೆರೆದೊಡನೆ ಮೊದಲ ಕೆಲಸ ಅಂಗಳ ಗುಡಿಸುವುದು. ಗುಡಿಸದ ಅಂಗಳ ಎಂದರೆ ಹೆಣ್ಣು ದಿಕ್ಕಿಲ್ಲದ ಮನೆ, ಇಲ್ಲವೇ ಸೂತಕದ ಮನೆ. ನಮ್ಮವ್ವ ಹುಣಸೆ ಮರದ ಕೆಳಗೂ ಒಂದು ಎಲೆ ಬಿಡುತ್ತಿರಲಿಲ್ಲ. ಆ ಮರಕ್ಕೆ ಅದರ ಎಲೆಯೇ ಹೊದಿಕೆ ಎಂಬುದನ್ನು ನಾನೂ ಈ ಕಸುಬಿಗೆ ಬಂದ ಮೇಲೆ ಕಲಿತದ್ದು. ಆದ್ದರಿಂದ ಸಿಟ್ಟು ನುಂಗಿಕೊಂಡು ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ, ಸಿಪ್ಪೆಯ ಕೆಳಗೆ ಕೈ ಇಡಿಸಿ ತಂಪು ತೋರಿಸಿದೆ. ಮತ್ತೆ ಮೂಟೆ ತರಿಸಿ ಹರಡಿದೆ. ಮೂರು ದಿನ ಇತ್ತು. ನಾಲ್ಕನೆಯ ದಿನ ಅರ್ಧ ಮಾಯ. ಮೇಡಂ ಕೂಡ, ಬಂದವರು ಮುಖ ಸಿಂಡರಿಸುತ್ತಾರೆ, ಅವಳದೇನೂ ತಪ್ಪಿಲ್ಲ ಎಂದುಬಿಟ್ಟರು.

ಅಷ್ಟರಲ್ಲಿ ಬೋರ್‌ವೆಲ್ಲಿನ ಉಪ್ಪು ನೀರು ತನ್ನ ಗುಣ ತೋರಿಸಿತು. ಗಿಡಗಳ ಬುಡಕ್ಕೆ ಹನಿ ಬಿಡುವ ಡ್ರಿಪ್ಪರುಗಳ ಬಾಯಲ್ಲಿ ಬಿಳಿ ಹಕ್ಕಳೆ ಕಟ್ಟಿ ಮೂರರಲ್ಲಿ ಒಂದು ನಿಂತುಹೋಯಿತು. ಒಂದೊಂದನ್ನೇ ಬಿಚ್ಚಿ, ಆಸಿಡ್ ಬೆರೆಸಿದ ನೀರಿನಲ್ಲಿ ನೆನೆಸಿ, ಸೂಜಿ ಹಾಕಿ ಚುಚ್ಚಿ, ಮತ್ತೆ ಕೂರಿಸಬೇಕು. ಎರಡು ದಿನ ಆ ವಾಸನೆಯಲ್ಲಿ ಕೂತು ಕಣ್ಣು ಕೆಂಪಾದವು. ಬಸ್ಸಿನಲ್ಲಿ ಪಕ್ಕದವರು ಮದ್ರಾಸ್ ಐ, ಅಂಟುತ್ತದೆ ಎಂದು ಎದ್ದು ಬೇರೆ ಕಡೆ ಕೂತರು.

ಅದು ಮುಗಿಯಿತು ಎನ್ನುವಾಗ ನಿಜವಾದ ತೊಂದರೆ ಬಂತು. ಸಂಜೆಗೆ ಅಡುಗೆಮನೆಯ ನಲ್ಲಿಯಲ್ಲಿ ನೀರಿಲ್ಲ ಎಂದು ಮೇಡಂ ಫೋನು ಮಾಡಿದರು. ಆಗ ನಾನೇ ವಾಲ್ವು ತಿರುಗಿಸಿ ನೀರು ಬಿಡುತ್ತಿದ್ದೆ, ನನ್ನ ಮೀಟರು ದಿನಕ್ಕೆ ಏಳುನೂರು ಲೀಟರು ತೋರಿಸುತ್ತಿತ್ತು, ತೊಟ್ಟಿಯಲ್ಲಿ ಇಳಿದದ್ದು ಅದಕ್ಕಿಂತ ತುಂಬ ಹೆಚ್ಚು. ಮನೆಯ ಖರ್ಚು ಕಳೆದು ಲೆಕ್ಕ ಹಾಕಿದರೆ ನಾನೂರು, ಐನೂರು ಲೀಟರಿಗೆ ದಿಕ್ಕೇ ಇಲ್ಲ. ತೊಟ್ಟಿಗೂ ಮೀಟರಿಗೂ ನಡುವೆ ನಾನು ಹೂತ ಪೈಪು ಎಲ್ಲೋ ಸೋರುತ್ತಿದೆ ಎಂದುಕೊಂಡೆ. ಬೇರೇನು ಅಂದುಕೊಳ್ಳಲಿ? ಕೂರಿಸಿದವನು ನಾನೇ. ಅಗೆಯಲು ಶುರು ಮಾಡಿದೆ. ಒಣಗಿದ ಜೇಡಿಮಣ್ಣಿಗೆ ಹಾರೆ ಹಾಕಿದರೆ ಕೈ ಜುಮ್ಮೆನ್ನುತ್ತದೆ. ಒಂದೂವರೆ ದಿನ, ಉದ್ದಕ್ಕೂ, ಪ್ರತಿ ಜೋಡಣೆಯನ್ನೂ ಬಟ್ಟೆಯಿಂದ ಒರೆಸಿ ಬೆರಳಿಟ್ಟು ನೋಡಿದೆ. ಒಂದು ಹನಿ ಸೋರಿಕೆಯಿಲ್ಲ. ಅಕ್ಕ ಎರಡು ಸಲ ಮಜ್ಜಿಗೆ ತಂದುಕೊಟ್ಟಳು, ನನ್ನ ಮುಖ ನೋಡದೆ ಲೋಟ ಇಟ್ಟು ಹೋದಳು. ಬಿಸಿಲಿಗೆ ಅವಳೂ ಬಳಲಿದ್ದಾಳೆ ಎಂದುಕೊಂಡೆ.

ತೋಡಿದ್ದನ್ನು ಮುಚ್ಚಿ ಮನೆಗೆ ಹೋದವನಿಗೆ ಮಲಗಿದರೂ ಅದೇ ಲೆಕ್ಕ. ಮೀಟರಿಗೆ ಮೊದಲು ಪೈಪು ಸೋರದಿದ್ದರೆ, ಮೀಟರಿಗೆ ಮೊದಲು ಇರುವುದು ಇನ್ನೊಂದೇ, ಹಳೆಯ ಹೋಸಿನ ನಲ್ಲಿ. ಮರುದಿನ ಟೈಮರಿನ ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೇ ಹೊರಟೆ. ಗೇಟು ತೆಗೆದಾಗ ಅಕ್ಕ ಹುಲ್ಲಿನ ನಡುವೆ ನಿಂತಿದ್ದಳು, ಹೆಬ್ಬೆರಳು ಪೈಪಿನ ಬಾಯಿಗೆ ಒತ್ತಿ. ನೀರು ಬೀಸಣಿಗೆಯಾಗಿ ಎಲೆಗಳ ಮೇಲೆ ಬೀಳುತ್ತಿತ್ತು. ನನ್ನನ್ನು ಕಂಡು ಪೈಪು ಬಿಡಲಿಲ್ಲ, ನಲ್ಲಿ ನಿಲ್ಲಿಸಲೂ ಇಲ್ಲ.

ಸಿಟ್ಟು ನೆತ್ತಿಗೇರಿತು. ಒಂದೂವರೆ ದಿನ ನಾನು ಹೆಗ್ಗಣದ ಹಾಗೆ ನೆಲ ತೋಡುವಾಗ ಇವಳು ಮಜ್ಜಿಗೆ ಹಿಡಿದು ನೋಡುತ್ತಿದ್ದಳಲ್ಲ! ನಾನೇ ಹೋಗಿ ನಲ್ಲಿ ತಿರುಗಿಸಿದೆ. ಟೈಲ್ಸಿನವನನ್ನು ಕೈಯಾರೆ ಕರೆಯುತ್ತಿದ್ದೀಯ, ಇಷ್ಟೂ ತಿಳಿಯುವುದಿಲ್ಲವೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಗುಡಿಸ್ಬ್ಯಾಡ ಅಂದೆ. ನೀರ್ ಇಡೀಬ್ಯಾಡ ಅಂದೆ,” ಎಂದಳು. “ಈಗ ಪೆಟ್ಟಿಗೆ ಇಕ್ತೀನಿ, ಅದೇ ತಿರುಗುಸ್ಕೊಂತೈತೆ ಅಂತೀಯ. ಟೈಲ್ಸ್ ಆಕಿದ್ರೂ ನಾನು ಬ್ಯಾಡ, ಉಲ್ಲು ಉಳುದ್ರೂ ನಾನು ಬ್ಯಾಡ. ಇನ್ ಈ ಮನೆಗೆ ನಾನು ಏನಕ್ ಬರ್ಲಿ, ಏಳು ತಮ್ಮ.”

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾಚಿಕೆಯಾಯಿತು. ಗುಡಿಸಿದ್ದಕ್ಕೆ ಶುಕ್ರವಾರ ಒಂದು ನೆಪ. ಅಂಗಳದಲ್ಲಿ ಕಸವಿರಬೇಕು, ಪೈಪಿನಲ್ಲಿ ನೀರಿರಬೇಕು, ಆಗ ಮಾತ್ರ ಅವಳು ಆ ಮನೆಗೆ ಬೇಕು. ಎಷ್ಟೋ ಮನೆಗಳಲ್ಲಿ ಪೈಪು ಜೋಡಿಸಿದ್ದೇನೆ. ಈ ಪೈಪು ಯಾರ ಕೈಯ ಕೆಲಸ ಕಿತ್ತುಕೊಳ್ಳುತ್ತಿದೆ ಎಂದು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

ಆ ಮೆಟ್ಟಿಲ ಮೇಲೆ ಕೂತೇ ತೀರ್ಮಾನ ಮಾಡಿದೆ. ಪೆಟ್ಟಿಗೆಯನ್ನು ಚೀಲದಿಂದ ತೆಗೆಯಲಿಲ್ಲ. ಮೇಡಂ ಹೊರಗೆ ಬಂದಾಗ, ಈ ಉಪ್ಪು ನೀರಿಗೆ ಟೈಮರಿನ ವಾಲ್ವು ತಡೆಯುವುದಿಲ್ಲ, ತಿಂಗಳಲ್ಲಿ ಕಚ್ಚಿಕೊಳ್ಳುತ್ತದೆ, ಕೈಯಲ್ಲಿ ತಿರುಗಿಸುವುದೇ ಒಳ್ಳೆಯದು, ಅದಕ್ಕೆ ಗಿಡ ಬಲ್ಲವರು ಬೇಕು ಎಂದೆ. ಅರ್ಧ ನಿಜ. ಆಸಿಡ್ಡಿನಲ್ಲಿ ತೊಳೆಯುತ್ತಿದ್ದರೆ ಎರಡು ವರ್ಷ ಬರುತ್ತಿತ್ತು. ಲೆಕ್ಕ ಮಾಡದೆ ಉತ್ತರ ಬರೆದ ವಿದ್ಯಾರ್ಥಿಯನ್ನು ನೋಡುವಂತೆ ಮೇಡಂ ನನ್ನನ್ನು ನೋಡಿದರು, ಆಮೇಲೆ ಸರಿ ಎಂದರು. ಹೋಸಿನ ವಿಷಯ ನಾನು ಹೇಳಲಿಲ್ಲ. ಸೋರಿಕೆ ಸಿಕ್ಕಿತು, ಸರಿಮಾಡಿದೆ ಎಂದಷ್ಟೇ ಅಂದೆ.

ಅಕ್ಕನಿಗೆ ನಾಲ್ಕು ವಾಲ್ವು ಒಪ್ಪಿಸಿದೆ. ಅವಳಿಗೆ ಓದು ಬಾರದು, ಆದರೆ ಬಸ್ಸಿನ ನಂಬರು ನೋಡಿ ಹತ್ತಿ ಅಭ್ಯಾಸ, ಮೀಟರಿನ ಅಂಕಿ ಎರಡೇ ದಿನದಲ್ಲಿ ಹಿಡಿದಳು. ಮೊದಲು ಹುಲ್ಲಿಗೆ ಐದು ನಿಮಿಷ, ಅದು ಹೀರಿಕೊಳ್ಳುವಷ್ಟರಲ್ಲಿ ಮರಗಳಿಗೆ ಹತ್ತು, ಮತ್ತೆ ಹುಲ್ಲಿಗೆ ಐದು, ಕಡೆಗೆ ಹೂವಿಗೆ ಹತ್ತು. ಹೊದಿಕೆಯ ಜಗಳವನ್ನೂ ಅವಳೇ ಬಗೆಹರಿಸಿದಳು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಇಟ್ಟಿಗೆ ತೋರಿಸಿ, ಸಿಪ್ಪೆಯ ಸುತ್ತ ಅಂಚು ಕಟ್ಟು, ಅಂಚಿನೊಳಗಿದ್ದರೆ ಅದನ್ನು ಯಾರೂ ಕಸ ಅನ್ನುವುದಿಲ್ಲ, ಬೇಕೆಂದೇ ಹಾಕಿದ್ದು ಅಂತಾರೆ ಎಂದಳು. ಕಟ್ಟಿದೆವು. ಗೇಟಿನಿಂದ ಮೆಟ್ಟಿಲ ತನಕದ ದಾರಿಯನ್ನು ಮಾತ್ರ ಅವಳು ಗುಡಿಸಿ ಕೋಲಂ ಹಾಕುತ್ತಿದ್ದಳು. ಮೇಡಂಗೆ ಅದು ಎಷ್ಟು ಹಿಡಿಸಿತೆಂದರೆ ಬಂದವರಿಗೆಲ್ಲ ತೋರಿಸತೊಡಗಿದರು. ಇಷ್ಟು ವರ್ಷದಲ್ಲಿ ನನಗೆ ಇಂಥದ್ದು ಹೊಳೆದಿರಲಿಲ್ಲ.

ಗಿಡದ ವಿಷಯದಲ್ಲೂ ಅವಳೇ ನನಗೆ ಪಾಠ ಹೇಳಿದಳು. ನಿಂಬೆಯ ಎಲೆ ಮಧ್ಯಾಹ್ನ ಮಡಚಿಕೊಂಡರೆ ಅದು ಬಿಸಿಲಿಗೆ, ಸುಮ್ಮನಿರಬೇಕು. ಬೆಳಿಗ್ಗೆಯೇ ಮಡಚಿಕೊಂಡಿದ್ದರೆ ಮಾತ್ರ ಬಾಯಾರಿಕೆ. ಹಾಗೆ ನೋಡಿ ನೋಡಿ, ಗಿಡಗಳಿಗೆ ದಿನವೂ ಬೇಡ, ದಿನ ಬಿಟ್ಟು ದಿನ ಸಾಕು ಎಂದಳು. ಹನ್ನೊಂದು ವರ್ಷ ದಿನಕ್ಕೆ ಎರಡು ಗಂಟೆ ನೀರು ಹಿಡಿದವಳ ಬಾಯಲ್ಲಿ ಈ ಮಾತು! ಬೇಡವೆಂದು ಗೊತ್ತಿದ್ದೂ ಯಾಕೆ ಹಿಡಿಯುತ್ತಿದ್ದೆ ಎಂದು ಕೇಳಬೇಕೆನಿಸಿತು, ಉತ್ತರ ನನಗೇ ಗೊತ್ತಿತ್ತು. ವಾರಕ್ಕೆ ಮೂರು ದಿನಕ್ಕೆ ಇಳಿಸಿದೆವು. ನೀರು ಬಿಟ್ಟ ದಿನ ಏಳುನೂರು ಲೀಟರು, ಉಳಿದ ದಿನ ಸೊನ್ನೆ. ಸರಳು ಚುಚ್ಚಿದರೆ ಎಲ್ಲ ಕಡೆಯೂ ಗೇಣುದ್ದ ಇಳಿಯುತ್ತಿತ್ತು. ಹುಲ್ಲು ಮೊದಲಿನಷ್ಟು ಹಸಿರಾಗಿ ಅಲ್ಲ, ಆದರೆ ಜೀವ ಹಿಡಿದು ನಿಂತಿತು.

ಗಡುವು ಮುಗಿದ ದಿನ ಮೇಡಂ ನನ್ನನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಟೈಲ್ಸಿನವನಿಗೆ ಬರಬೇಡ ಎಂದು ಹೇಳಿಯಾಯಿತು ಎಂದರು. ಮೂರು ಸಾವಿರದಿಂದ ಇಷ್ಟಕ್ಕೆ ಹೇಗೆ ಇಳಿಸಿದಿರಿ, ವಿವರವಾಗಿ ಹೇಳಿ ಎಂದರು. ನನ್ನ ಕೆಲಸವನ್ನು ಯಾರೂ ವಿವರವಾಗಿ ಕೇಳುವುದಿಲ್ಲ. ನೀರು ಬಂತೇ ಎಂದು ಕೇಳುತ್ತಾರೆ, ಅಷ್ಟೇ. ಎರಡು ಲೋಟ ಕಾಫಿ, ಒಂದು ಒಳ್ಳೆಯ ಮಾತು, ಬಾಯಿಗೆ ಬೀಗ ಎಲ್ಲಿರುತ್ತದೆ? ಮೊಸರಿನ ಕಪ್ಪಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಕ್ಕನ ನಿಂಬೆ ಎಲೆಯನ್ನು ಹೇಳಿದೆ, ಅವಳ ಇಟ್ಟಿಗೆ ಅಂಚನ್ನು ಹೇಳಿದೆ. ಕಡೆಗೆ ಎದೆಯುಬ್ಬಿಸಿ, ಈಗ ಈ ಇಡೀ ತೋಟಕ್ಕೆ ಬೇಕಾದದ್ದು ಅರ್ಧ ಗಂಟೆ ಮೇಡಂ, ಅದೂ ವಾರಕ್ಕೆ ಮೂರೇ ದಿನ ಎಂದೆ.

ಮೇಡಂ ಬೆರಳು ಮಡಚಿ ಲೆಕ್ಕ ಹಾಕಿದರು. ಗಣಿತದವರು. ಅವರ ಮುಖ ನೋಡುವಾಗಲೇ ನಾನು ನಾಲಿಗೆ ಕಚ್ಚಿಕೊಂಡೆ. ಹಾಗಾದರೆ ಉಳಿದ ದಿನ ಅವಳು ಬಂದು ಮಾಡುವುದೇನು ಎಂದು ಕೇಳಿದರು, ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡಂತೆ. ನಾನು ಫಿಲ್ಟರು ತೊಳೆಯುವುದಿದೆ, ಡ್ರಿಪ್ಪರು ನೋಡುವುದಿದೆ, ಸಿಪ್ಪೆ ಕೆದಕುವುದಿದೆ ಎಂದು ತಡವರಿಸಿದೆ. ಅದೆಲ್ಲ ಆ ಮೂರು ದಿನದಲ್ಲೇ ಆಗುತ್ತದಲ್ಲ, ಮಿಕ್ಕ ದಿನ ದಾರಿ ನಾನೇ ಗುಡಿಸಿಕೊಳ್ಳುತ್ತೇನೆ ಎಂದರು. ಕೆಟ್ಟವರಲ್ಲ ಅವರು. ಪಿಂಚಣಿಯಲ್ಲಿ ಮನೆ ನಡೆಸುವವರು, ಈ ಬೇಸಿಗೆ ಟ್ಯಾಂಕರಿಗೇ ತುಂಬ ಹೋಗಿತ್ತು. ಅಕ್ಕನನ್ನು ಕರೆದು, ಇನ್ನು ಮೇಲೆ ಮೂರು ದಿನ ಬಂದರೆ ಸಾಕು, ಅದಕ್ಕೆ ತಕ್ಕ ಸಂಬಳ ಎಂದು ಮೆಲ್ಲಗೆ ಹೇಳಿದರು. ಅಕ್ಕ ಸರಿಂಗಮ್ಮ ಎಂದಳು. ನಾನು ಖಾಲಿ ಲೋಟ ನೋಡುತ್ತ ಕೂತಿದ್ದೆ.

ಚೀಲ ಹೊತ್ತು ಹೊರಟಾಗ ಅವಳು ಗೇಟಿನ ತನಕ ಬಂದಳು. ತಪ್ಪಾಯಿತಕ್ಕ, ಬಾಯಿ ತಪ್ಪಿ ಬಂತು ಎಂದೆ. ಬೈದಿದ್ದರೆ ಹಗುರವಾಗುತ್ತಿತ್ತು.

“ನೀನು ನೀರು ಉಳಿಸಾಕ್ ಬಂದೆ, ಉಳಿಸ್ದೆ,” ಎಂದಳು. “ನನ್ನ ಉಳಿಸ್ತೀನಿ ಅಂತ ಯಾವಾಗ ಏಳಿದ್ದೆ ನೀನು? ಓಗು, ಬಸ್ಸು ಬತ್ತೈತೆ.”

ಆ ಬಸ್ಸು ಹತ್ತಲಿಲ್ಲ, ಅದರ ಮುಂದಿನದನ್ನೂ ಬಿಟ್ಟೆ. ಬೆಟ್ಟದಿಂದ ಇಳಿದು ಬಂದವರು, ಬೆಟ್ಟಕ್ಕೆ ಹೊರಟವರು ಹತ್ತಿ ಇಳಿಯುವುದನ್ನು ನೋಡುತ್ತ ರಸ್ತೆ ಬದಿಯಲ್ಲಿ ಕೂತಿದ್ದೆ. ಅದೇ ರಸ್ತೆಯ ಇನ್ನೂ ಎರಡು ಮನೆಯವರು ಮೇಡಂನ ಇಟ್ಟಿಗೆ ಅಂಚು ನೋಡಿ ನನ್ನ ನಂಬರು ತೆಗೆದುಕೊಂಡಿದ್ದರು. ಅಲ್ಲೂ ಪೊರಕೆ ಹಿಡಿದ ಒಬ್ಬೊಬ್ಬಳು ಇದ್ದಳು.

ಆ ಎರಡೂ ಮನೆಗೆ ಹೋಗಿ ಕೆಲಸ ಮಾಡಿಕೊಟ್ಟೆ. ಎಷ್ಟು ಲೀಟರು ಉಳಿಯುತ್ತದೆ ಎಂದು ಕೇಳಿದರೆ ಬಕೆಟ್ಟು ಇಟ್ಟು ಅಳೆದು ಒಂದು ಲೀಟರು ಹೆಚ್ಚುಕಡಿಮೆಯಿಲ್ಲದೆ ಹೇಳುತ್ತೇನೆ. ತೋಟಕ್ಕೆ ನೀರು ಬಿಡುವುದು ಎಷ್ಟು ಹೊತ್ತಿನ ಕೆಲಸ ಎಂದು ಕೇಳಿದರೆ, ದಿನಾ ಬೆಳಿಗ್ಗೆ ಪೂರ್ತಿ ಹಿಡಿಯುತ್ತದೆ ಎನ್ನುತ್ತೇನೆ.